ಮೂರ್ಛೆ ಹೋಗುವುದು ಬೇರೆ, ಮೂರ್ಛೆ ಬರುವುದು ಬೇರೆ

ಕಾರವಾರದ ಸೆಕೆಯಲ್ಲಿ ಪರೇಡಿಗೆ ನಿಂತ ಹುಡುಗಿ ಕುಸಿದರೆ ಸಾಕು, ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಅವಳಿಗೆ 'ಮೂರ್ಛೆ ರೋಗ' ಅಂಟಿರುತ್ತದೆ. ಈ ಸಲವೂ ಹಾಗೇ ಆಯಿತು. ಹೇಳಿ ಹೇಳಿ ಸಾಕಾಗಿದೆ.

ಬಾಯಿಮಾತಿನಲ್ಲಿ ನಾವು ಯಾರೂ ತಪ್ಪುವುದಿಲ್ಲ. 'ಮೂರ್ಛೆ ಹೋದಳು' ಅಂದರೆ ಎಚ್ಚರ ತಪ್ಪಿತು, ಅಷ್ಟೇ. 'ಅವಳಿಗೆ ಮೂರ್ಛೆ ಬರುತ್ತದೆ' ಅಂದರೆ ಫಿಟ್ಸ್, ಅಪಸ್ಮಾರ. ಮೂರ್ಛೆ ರೋಗ ಅನ್ನುವುದು ಈ ಎರಡನೆಯದಕ್ಕೆ ಮಾತ್ರ. ಮೂಲ ಸಂಸ್ಕೃತ ಧಾತುವಿಗಂತೂ ರೋಗದ ಗಂಧವೇ ಇಲ್ಲ. ಹೆಪ್ಪುಗಟ್ಟು, ಗಟ್ಟಿಯಾಗು, ಹರಡು ಅನ್ನುವ ಅರ್ಥಗಳ ಜೊತೆ ಎಚ್ಚರ ತಪ್ಪು ಅನ್ನುವುದೂ ಒಂದು. ಸಂಗೀತದ ಮೂರ್ಛನೆ ಅದೇ ಮನೆಯದು. ಮೂರ್ತಿ ಕೂಡ. ಶಿರಸಿ ಜಾತ್ರೆಯಲ್ಲಿ ಮಾರಿಕಾಂಬೆಯ ಮೂರ್ತಿ ನೋಡಲು ನಿಂತು ಮೂರ್ಛೆ ಹೋದವರು ಒಂದೇ ಧಾತುವಿನೊಳಗೆ ಸುತ್ತಿದ ಹಾಗಾಯಿತು!

ನಿಂತಲ್ಲೇ ಕುಸಿಯುವುದು ಯಾಕೆ? ಎದ್ದು ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಆಗ ರಕ್ತನಾಳ ಬಿಗಿ ಮಾಡಿ, ಎದೆಬಡಿತ ಏರಿಸಿ ಮಿದುಳಿಗೆ ರಕ್ತ ಮುಟ್ಟಿಸುವುದು ಸ್ವಾಯತ್ತ ನರವ್ಯವಸ್ಥೆ. ನಾವು ಹೇಳಬೇಕಾಗಿಲ್ಲ, ತಾನೇ ಮಾಡುತ್ತದೆ. ಸೆಕೆ, ಬಹಳ ಹೊತ್ತು ನಿಲ್ಲುವುದು, ಸೂಜಿ ಕಂಡ ಹೆದರಿಕೆ, ಇಂಥ ನೆಪಕ್ಕೆ ಕೆಲವರಲ್ಲಿ ಇದೇ ವ್ಯವಸ್ಥೆ ಉಲ್ಟಾ ಹೊಡೆಯುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಎದೆಬಡಿತ ಇಳಿಸುತ್ತದೆ. ನಾಳಗಳು ಸಡಿಲವಾಗುತ್ತವೆ, ಬಿಪಿ ಬೀಳುತ್ತದೆ. ಮೈ ಬೆವರಿ, ಹೊಟ್ಟೆ ತೊಳೆಸಿ, ಕಣ್ಣಿಗೆ ಕತ್ತಲೆ ಬಂದು ಮನುಷ್ಯನೂ ಬೀಳುತ್ತಾನೆ. ಡಾಕ್ಟರು ಇದನ್ನೇ ವೇಸೋವೇಗಲ್ ಸಿಂಕಪಿ ಅನ್ನುವುದು. 'ಲೋ ಬಿಪಿಯಂತೆ' ಅನ್ನುವವರೂ ಕೇಳಿ: ಉಳಿದ ಹೊತ್ತು ಇವರ ಬಿಪಿ ಸರಿಯಾಗೇ ಇರಬಹುದು.

ಫಿಟ್ಸ್ ಹಾಗಲ್ಲ. ಅಲ್ಲಿ ಮಿದುಳಿನ ವಿದ್ಯುತ್ ಸಂಕೇತಗಳೇ ಹದ ತಪ್ಪುತ್ತವೆ. ಗೊಂದಲ ಹುಟ್ಟುವುದು ಅದುರುವುದನ್ನು ನೋಡಿ. ಆದರೆ ಮೂರ್ಛೆ ಹೋದವರ ಕೈಕಾಲೂ ಕೆಲವು ಸೆಕೆಂಡು ಅದುರಬಹುದು. ಆಮೇಲೆ ಏನಾಗುತ್ತದೆ ನೋಡಿ. ಮೂರ್ಛೆ ಹೋದವರು ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಕಣ್ಣು ಬಿಟ್ಟು 'ಏನಾಯ್ತು?' ಅನ್ನುತ್ತಾರೆ. ಜೋರು ಫಿಟ್ಸ್ ಆದವರಿಗೆ ಎಷ್ಟೋ ಹೊತ್ತು ಮಂಕು ಬಿಡುವುದಿಲ್ಲ.

ಕೈಗೆ ತುರುಕುವ ಬೈಕಿನ ಕೀ ಎರಡಕ್ಕೂ ಪ್ರಯೋಜನವಿಲ್ಲ. ಮೂರ್ಛೆ ಹೋದವರನ್ನು ಎಬ್ಬಿಸಿ ಕೂರಿಸುವುದಂತೂ ಬೇಡವೇ ಬೇಡ, ಬಂದ ರಕ್ತ ಮತ್ತೆ ಕೆಳಗಿಳಿಯುತ್ತದೆ. ಮಲಗಿಸಿ, ಕಾಲು ಎತ್ತಿ ಹಿಡಿಯಿರಿ. ನೀರು ಎಚ್ಚರವಾದ ಮೇಲೆ. ಓಡುವಾಗ ಕುಸಿದರೆ, ಎದೆನೋವಿದ್ದರೆ ಅದು ಹೃದಯದ ತೊಂದರೆಯೂ ಇರಬಹುದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.