ಬಾಣಂತನಕ್ಕೆ ಯೂರೋಪಿಗೆ ಹೊರಟಿದ್ದೀರಾ? ಬೆರಳಚ್ಚಿಗಿಂತ ಮೊದಲು ದಿನ ಎಣಿಸಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಯೂರೋಪಿನ ವೀಸಾ ಕೆಲಸಕ್ಕೆಂದು ನಮ್ಮ ಕಚೇರಿಗೆ ಬರುವವರಲ್ಲಿ ಊರು ನೋಡಲು ಹೊರಟವರಿಗಿಂತ ಮಕ್ಕಳನ್ನು ನೋಡಲು ಹೊರಟವರೇ ಜಾಸ್ತಿ. ಮಗಳೋ ಸೊಸೆಯೋ ಜರ್ಮನಿಯಲ್ಲಿ, ನೆದರ್ಲೆಂಡ್ಸಿನಲ್ಲಿ ಕೆಲಸದಲ್ಲಿರುತ್ತಾಳೆ. ಹೆರಿಗೆ ಹತ್ತಿರ ಬಂದಿರುತ್ತದೆ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಈಚೆಗೆ ಅವರೆಲ್ಲ ಕುರ್ಚಿಯಲ್ಲಿ ಕೂತ ಕೂಡಲೇ ಕೇಳುವುದು, "ಅಲ್ಲಿ ಇಳಿದ ತಕ್ಷಣ ಬೆರಳಚ್ಚು ತಗೋತಾರಂತಲ್ಲ ಸಾರ್, ಏನೂ ತೊಂದ್ರೆ ಆಗಲ್ವಾ?" ಎಂದು. ನಾನು ತಿರುಗಿ ಕೇಳುವುದು, "ವಾಪಸ್ ಟಿಕೆಟ್ ಯಾವ ತಾರೀಖಿಗೆ ತೆಗೆಸಿದ್ದೀರಿ ಅಮ್ಮ?" ಎಂದು. ಹೊಸ ವ್ಯವಸ್ಥೆಯಲ್ಲಿ ಹೆಚ್ಚು ಯೋಚಿಸಬೇಕಾದದ್ದು ಆ ತಾರೀಖಿನ ಬಗ್ಗೆಯೇ.

ವಿಷಯ ಇಷ್ಟು. ಯೂರೋಪಿನ 29 ಷೆಂಗನ್ ದೇಶಗಳು (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಕೂಟ) ಹೊರಗಿನಿಂದ ಬರುವವರ ಪಾಸ್‌ಪೋರ್ಟಿಗೆ ಸೀಲು ಹೊಡೆಯುವ ಪದ್ಧತಿಯನ್ನು ಬಿಟ್ಟು, ಬಂದ ದಿನ, ಹೋದ ದಿನ ಎರಡನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ಏರ್ಪಾಡು ಮಾಡಿಕೊಂಡಿವೆ. ಎಂಟ್ರಿ ಎಕ್ಸಿಟ್ ಸಿಸ್ಟಮ್, ಚಿಕ್ಕದಾಗಿ ಇಇಎಸ್ ಎನ್ನುತ್ತಾರೆ. ಇದಕ್ಕೆ ಕಾನೂನು ಆದದ್ದು 2017ರಲ್ಲಿ. ಹಲವು ಸಲ ಮುಂದಕ್ಕೆ ಹೋಗಿ, ಕೊನೆಗೆ 2025ರ ಅಕ್ಟೋಬರ್ 12ರಂದು ಹಂತಹಂತವಾಗಿ ಶುರುವಾಯಿತು. ಎಲ್ಲ ಗಡಿಗಳಲ್ಲೂ ಪೂರ್ತಿ ಜಾರಿಗೆ ಗೊತ್ತುಮಾಡಿದ ದಿನ 2026ರ ಏಪ್ರಿಲ್ 10. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲೀಕ್ಟನ್‌ಸ್ಟೈನ್ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಇದರೊಳಗಿವೆ. ಐರ್ಲೆಂಡ್ ಮತ್ತು ಸೈಪ್ರಸ್ ಒಕ್ಕೂಟದಲ್ಲಿದ್ದರೂ ಇದರ ಹೊರಗಿವೆ. ಬ್ರಿಟನ್ ಅಂತೂ ಬೇರೆಯೇ, ಅದರ ವೀಸಾನೂ ಬೇರೆ.

ಸೀಲಿನ ಕಾಲದಲ್ಲಿ ದಿನ ಎಣಿಸುತ್ತಿದ್ದದ್ದು ಅಧಿಕಾರಿ. ಪುಟ ತಿರುವಿ, ಮಸುಕಾದ ಮುದ್ರೆ ಹುಡುಕಿ, ಬೆರಳು ಮಡಚಿ ಲೆಕ್ಕ ಹಾಕಬೇಕಿತ್ತು. ಒಂದೆರಡು ದಿನ ಹೆಚ್ಚುಕಡಿಮೆ ಆಗಿದ್ದರೆ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಪಾಸ್‌ಪೋರ್ಟ್ ಸ್ಕ್ಯಾನ್ ಆದ ಕೂಡಲೇ ಎಷ್ಟು ದಿನ ಮುಗಿದಿದೆ, ಎಷ್ಟು ಉಳಿದಿದೆ ಎಂಬುದು ಪರದೆಯ ಮೇಲೆ ಬರುತ್ತದೆ. ಒಂದು ದಿನ ಹೆಚ್ಚಾದರೂ ಅದು ದಾಖಲೆಯಾಗುತ್ತದೆ, ಮುಂದಿನ ವೀಸಾ ಅರ್ಜಿ ನೋಡುವವರಿಗೂ ಅದು ಕಾಣುತ್ತದೆ.

ನಮ್ಮವರು ಎಡವುವುದು ಇಲ್ಲೇ. ನಿಯಮ ಹೇಳುವುದು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಎಂದು. ಮನೆಯಲ್ಲಿ ಎಲ್ಲರೂ ಅದನ್ನು ಮೂರು ತಿಂಗಳು ಎಂದುಕೊಳ್ಳುತ್ತಾರೆ. ಒಂದು ಉದಾಹರಣೆ ನೋಡಿ. ಜುಲೈ 2ಕ್ಕೆ ಫ್ರಾಂಕ್‌ಫರ್ಟಿನಲ್ಲಿ ಇಳಿದು, ಸೆಪ್ಟೆಂಬರ್ 30ಕ್ಕೆ ಹೊರಡುವ ಟಿಕೆಟ್. ಮೂರು ತಿಂಗಳು ತುಂಬಲು ಇನ್ನೂ ಎರಡು ದಿನ ಇದೆಯಲ್ಲ, ಸರಿಯಾಗಿದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಎಣಿಸಿ: ಜುಲೈಯಲ್ಲಿ 30, ಆಗಸ್ಟಿನಲ್ಲಿ 31, ಸೆಪ್ಟೆಂಬರಿನಲ್ಲಿ 30. ಒಟ್ಟು 91. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ, ಹೊರಟ ದಿನವೂ ಸೇರುತ್ತದೆ. ಈ ಟಿಕೆಟ್ ಒಂದು ದಿನ ಜಾಸ್ತಿ. ಸೆಪ್ಟೆಂಬರ್ 29ರೊಳಗೆ ಗಡಿ ದಾಟಿರಬೇಕು. ವಿಮಾನ ತಡವಾಗುವುದು, ರದ್ದಾಗುವುದು ಇದ್ದದ್ದೇ. ಹಾಗಾಗಿ 85ನೇ ದಿನದ ಆಸುಪಾಸಿಗೆ ಟಿಕೆಟ್ ತೆಗೆಸಿ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಐದು ದಿನ ಮೊಮ್ಮಗುವಿನ ಜೊತೆ ಕಡಿಮೆ ಆಯಿತೆಂಬ ಬೇಜಾರು ನನಗೂ ಅರ್ಥವಾಗುತ್ತದೆ. ಆದರೆ ಒಂದು ದಿನದ ಉಲ್ಲಂಘನೆ ದಾಖಲಾಗಿ ಮುಂದಿನ ವೀಸಾಕ್ಕೆ ಅಡ್ಡ ಬಂದರೆ ಅದರ ಬೇಜಾರು ಇನ್ನೂ ದೊಡ್ಡದು.

ಸರಿ, ವಾಪಸ್ ಬಂದರು. ಮಗುವಿಗೆ ಅನ್ನಪ್ರಾಶನ, ಮತ್ತೆ ಹೋಗಬೇಕು. ಗಡಿಯಲ್ಲಿ ಆ ದಿನವೂ ಸೇರಿ ಹಿಂದಿನ 180 ದಿನ ನೋಡುತ್ತಾರೆ, ಹಾಗಾಗಿ ಜುಲೈ 2ರಿಂದ ಪೂರ್ತಿ 90 ದಿನ ಇದ್ದು ಬಂದವರಿಗೆ ಮತ್ತೆ ಬಾಗಿಲು ತೆರೆಯುವುದು ಡಿಸೆಂಬರ್ 29ಕ್ಕೆ. ಅದಕ್ಕೆ ಮೊದಲು, ಕೈಯಲ್ಲಿ ಹಲವು ಸಲ ಹೋಗಿಬರುವ ವೀಸಾ ಇದ್ದರೂ, ಒಂದು ದಿನಕ್ಕೂ ಅವಕಾಶವಿಲ್ಲ. ಮಗಳು ಆಮ್‌ಸ್ಟರ್‌ಡ್ಯಾಮಿನಲ್ಲಿ, ಮಗ ಮ್ಯೂನಿಕ್‌ನಲ್ಲಿ ಇದ್ದರೆ ಇಬ್ಬರ ಮನೆಯ ದಿನಗಳನ್ನೂ ಕೂಡಿಸಿಯೇ ಲೆಕ್ಕ. ನಡುವೆ ಲಂಡನ್ನಿನಲ್ಲಿ ಕಳೆದ ದಿನ ಮಾತ್ರ ಇದಕ್ಕೆ ಸೇರುವುದಿಲ್ಲ. ಯೂರೋಪಿಯನ್ ಒಕ್ಕೂಟದ ಅಧಿಕೃತ ಜಾಲತಾಣದಲ್ಲಿ ಈ ದಿನ ಎಣಿಸುವ ಕ್ಯಾಲ್ಕ್ಯುಲೇಟರ್ ಇದೆ, ದುಡ್ಡಿಲ್ಲ. ಟಿಕೆಟ್ ಕೊಳ್ಳುವ ಮುಂಚೆ ಮಕ್ಕಳು ಅದರಲ್ಲಿ ಒಮ್ಮೆ ತಾರೀಖು ಹಾಕಿ ನೋಡಲಿ.

ಇನ್ನೊಂದು ಮಾತು. 90 ಎಂಬುದು ಗರಿಷ್ಠ. ನಿಮ್ಮ ವೀಸಾ ಸ್ಟಿಕ್ಕರಿನಲ್ಲಿ ಎರಡು ಬೇರೆ ಬೇರೆ ಸಂಗತಿ ಅಚ್ಚಾಗಿರುತ್ತವೆ. ಇಂಥ ದಿನದಿಂದ ಇಂಥ ದಿನದವರೆಗೆ ವೀಸಾ ಊರ್ಜಿತ ಎಂಬುದು ಒಂದು. ಅದರ ಕೆಳಗೆ, ಒಟ್ಟು ಎಷ್ಟು ದಿನ ತಂಗಬಹುದು ಎಂಬ ಅಂಕಿ ಇನ್ನೊಂದು. ಜೂನ್ ಕೊನೆಯಿಂದ ಅಕ್ಟೋಬರ್ ನಡುವರೆಗೆ ಊರ್ಜಿತವಿದ್ದು, ತಂಗುವ ದಿನ 60 ಎಂದಿದ್ದರೆ ನಿಮಗೆ ಸಿಗುವುದು 60 ದಿನ, ಅಷ್ಟೇ. ಸ್ಟಿಕ್ಕರ್ ಅಂಟಿದ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಈ ಅಂಕಿಯನ್ನು ಮೊದಲು ನೋಡಿ. ಬಹಳ ಮಂದಿ ಫೋಟೋ ಚೆನ್ನಾಗಿ ಬಂದಿದೆಯಾ ಎಂದು ನೋಡಿ ಬೀರುವಿನಲ್ಲಿಡುತ್ತಾರೆ.

ಹೆರಿಗೆಯಲ್ಲಿ ಏನಾದರೂ ತೊಡಕಾಯಿತು, ಅಥವಾ ಅಮ್ಮನೇ ಅಲ್ಲಿ ಆಸ್ಪತ್ರೆ ಸೇರಿದರು ಎಂದುಕೊಳ್ಳಿ. ಇಂಥದ್ದಕ್ಕೆ ದಾರಿ ಇದೆ. ಅನಿವಾರ್ಯ ಕಾರಣ, ಮಾನವೀಯ ಕಾರಣ, ಗಂಭೀರವಾದ ಸ್ವಂತ ಕಾರಣ ಇದ್ದರೆ ವೀಸಾ ವಿಸ್ತರಿಸಲು ಕಾನೂನಿನಲ್ಲೇ ಅವಕಾಶವಿದೆ. ಆದರೆ ದಿನ ಮುಗಿಯುವ ಮೊದಲೇ ಆ ಊರಿನ ವಿದೇಶೀಯರ ಕಚೇರಿಗೆ ಆಸ್ಪತ್ರೆಯ ಕಾಗದದ ಸಮೇತ ಅರ್ಜಿ ಹಾಕಬೇಕು. ಮುಗಿದ ಮೇಲೆ ಹೋಗಿ ಕೈಮುಗಿದರೆ ಕೇಳುವವರಿಲ್ಲ. ಹೆರಿಗೆಯ ತಾರೀಖು ಹಿಂದುಮುಂದಾಗುವುದು ಸಹಜ, ಅದನ್ನು ವಿಸ್ತರಣೆಯ ಭರವಸೆಯ ಮೇಲೆ ಬಿಡಬೇಡಿ. ತುಂಬ ಮುಂಚೆ ಹೋಗಿ ಕೂತು ದಿನ ಕಳೆದುಕೊಳ್ಳುವುದಕ್ಕಿಂತ ಡಾಕ್ಟರು ಕೊಟ್ಟ ತಾರೀಖಿಗೆ ಹತ್ತಿರವಾಗಿ ಹೋಗಿ. ಬಾಣಂತನಕ್ಕೆ ಅಮ್ಮ ಬೇಕಾಗುವುದು ಮಗು ಹುಟ್ಟಿದ ಮೇಲೆ.

ಈಗ ಬೆರಳಚ್ಚಿನ ಮಾತು. ಯೂರೋಪಿಗೆ ಹೋಗಲು ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಬೇಕೇ ಬೇಕು. ವೀಸಾ ಅರ್ಜಿ ಹಾಕುವಾಗಲೇ ಬೆಂಗಳೂರಿನ ಕೇಂದ್ರದಲ್ಲಿ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡಿರುತ್ತಾರೆ. ಅದು ಸುಮಾರು ಐದು ವರ್ಷ, ಸರಿಯಾಗಿ ಹೇಳುವುದಾದರೆ 59 ತಿಂಗಳು, ಮತ್ತೆ ಬಳಕೆಗೆ ಬರುತ್ತದೆ. ಹಾಗಾಗಿ ಗಡಿಯಲ್ಲಿ ನಿಮ್ಮ ಬೆರಳಚ್ಚನ್ನು ಹೊಸದಾಗಿ ಇಇಎಸ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಬೆರಳು ಇಡಿಸಿ ವೀಸಾ ದಾಖಲೆಯ ಜೊತೆ ಹೋಲಿಸುತ್ತಾರೆ, ಮುಖದ ಫೋಟೋ ತೆಗೆಯುತ್ತಾರೆ. ವೀಸಾ ಬೇಡದ ದೇಶದವರಿಂದ ಮಾತ್ರ ನಾಲ್ಕು ಬೆರಳಿನ ಅಚ್ಚು ಗಡಿಯಲ್ಲೇ ದಾಖಲಾಗುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಗಡಿಯಲ್ಲಿ ಬೆರಳಚ್ಚಿಲ್ಲ, ಫೋಟೋ ಇದೆ. ಕೊಡುವುದಿಲ್ಲ ಎಂದರೆ ಒಳಗೆ ಬಿಡುವುದಿಲ್ಲ.

ನಮ್ಮ ಜಿಲ್ಲೆಯ ನಿಜವಾದ ಕಷ್ಟ ಬೇರೆ. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವ ಮನೆಗಳ ಹೆಂಗಸರ ಬೆರಳು ನೋಡಿದವರಿಗೆ ಗೊತ್ತು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಗೂಡು ಆಡಿಸಿ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿ, ಗೆರೆಗಳೇ ಸವೆದಿರುತ್ತವೆ. ತೋಟದ ಕೆಲಸ ಮಾಡಿದವರದ್ದೂ ಹೆಚ್ಚುಕಡಿಮೆ ಹಾಗೇ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ಯಂತ್ರ ಬೇಡವೆಂದು ಹೇಳಿದ ಅನುಭವ ಇವರಿಗೆಲ್ಲ ಆಗಿರುತ್ತದೆ, ಅದಕ್ಕೇ ಅಷ್ಟು ಭಯ. ಇಂಥ ಒಬ್ಬ ಅಮ್ಮನನ್ನು ನಾನೇ ವೀಸಾ ಕೇಂದ್ರಕ್ಕೆ ಕಳಿಸಿದ್ದೆ. ಹೋಗುವ ಮೊದಲು ಎರಡು ವಾರ ನೂಲಿನ ಕೆಲಸ ಬಿಡಿಸಿ, ರಾತ್ರಿ ಹೊತ್ತು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ ಎಂದೆ. ಆ ದಿನ ಬೆಳಿಗ್ಗೆ ಎಣ್ಣೆ ಜಿಡ್ಡು ಹೋಗುವ ಹಾಗೆ ಸೋಪಿನಲ್ಲಿ ತೊಳೆದು ಒರೆಸಿಕೊಂಡು ಹೋದರು. ಒಂದು ಕೈಯ ಬೆರಳು ಮೂರು ನಾಲ್ಕು ಸಲ ಒತ್ತಬೇಕಾಯಿತು, ಆದರೆ ಬಂತು. ಪ್ರಯಾಣಕ್ಕೆ ಮೊದಲೂ ಹೀಗೇ ಮಾಡಿ. ಬೆರಳ ತುದಿಗೆ ಮೆಹಂದಿ ಬೇಡ. ಈಳಿಗೆ ಮಣೆ ಹತ್ತಿರ ಜೋಪಾನ, ಗಾಯವಾಗಿ ಪ್ಲಾಸ್ಟರ್ ಸುತ್ತಿದ ಬೆರಳು ಯಂತ್ರಕ್ಕೆ ಕೆಲಸಕ್ಕೆ ಬಾರದು. ದೈಹಿಕವಾಗಿ ಬೆರಳಚ್ಚು ಕೊಡಲು ಸಾಧ್ಯವೇ ಇಲ್ಲದವರಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ಯಂತ್ರ ಓದಲಿಲ್ಲ ಎಂದ ಮಾತ್ರಕ್ಕೆ ವಾಪಸ್ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ಬಿಡಿ. ಅಧಿಕಾರಿಯ ಕೌಂಟರಿಗೆ ಕಳಿಸುತ್ತಾರೆ, ಅಲ್ಲಿ ಕಾಗದಪತ್ರ ನೋಡುತ್ತಾರೆ.

ತಪಾಸಣೆ ನಡೆಯುವುದು ಷೆಂಗನ್ ಪ್ರದೇಶದಲ್ಲಿ ನೀವು ಮೊದಲು ಕಾಲಿಡುವ ವಿಮಾನ ನಿಲ್ದಾಣದಲ್ಲಿ. ಟಿಕೆಟ್ ತೆಗೆಸುವಾಗ ಇದನ್ನು ಯೋಚಿಸಬೇಕು. ದೇವನಹಳ್ಳಿಯಿಂದ ಫ್ರಾಂಕ್‌ಫರ್ಟಿಗೆ ಹೋಗಿ, ಅಲ್ಲಿಂದ ಒಂದೂವರೆ ಗಂಟೆಯಲ್ಲಿ ಇನ್ನೊಂದು ವಿಮಾನ ಹಿಡಿದು ಹ್ಯಾಂಬರ್ಗಿಗೆ ಹೋಗುವ ಟಿಕೆಟ್ ಅಗ್ಗವಾಗಿ ಸಿಗಬಹುದು. ಸಾಲು ಉದ್ದವಾದರೆ ಆ ಎರಡನೇ ವಿಮಾನ ಸಿಗುವುದಿಲ್ಲ. ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಜನ ಗಂಟೆಗಟ್ಟಲೆ ನಿಲ್ಲುವಂತಾಗಿ, 2025ರ ಡಿಸೆಂಬರ್ ಕೊನೆಯಲ್ಲಿ ಪೋರ್ಚುಗಲ್ ಸರ್ಕಾರ ಈ ವ್ಯವಸ್ಥೆಯನ್ನೇ ಅಲ್ಲಿ ಮೂರು ತಿಂಗಳ ಮಟ್ಟಿಗೆ ತಡೆಹಿಡಿಯಿತು. ನಡುವೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಮೊದಲ ಸಲ ಒಬ್ಬರೇ ಹೋಗುವ ಅಮ್ಮಂದಿರಿಗೆ ನಾನು ಹೇಳುವುದು ಎರಡೇ ದಾರಿ: ನೇರ ವಿಮಾನದಲ್ಲಿ ಇಳಿಯಿರಿ, ಮಗಳೋ ಅಳಿಯನೋ ಅಲ್ಲಿಗೇ ಬಂದು ರೈಲಿನಲ್ಲಿ ಕರೆದುಕೊಂಡು ಹೋಗಲಿ. ಇಲ್ಲವಾದರೆ ದುಬೈ, ದೋಹಾ ಮೂಲಕ ಮಗಳ ಊರಿಗೇ ಹೋಗಿ. ಆಗ ತಪಾಸಣೆ ಕೊನೆಯ ನಿಲ್ದಾಣದಲ್ಲೇ ಆಗುತ್ತದೆ, ಎಷ್ಟು ಹೊತ್ತಾದರೂ ತಪ್ಪಿಹೋಗುವ ವಿಮಾನವಿಲ್ಲ. ಗಾಲಿಕುರ್ಚಿ ಸಹಾಯವನ್ನು ಟಿಕೆಟ್ ತೆಗೆಸುವಾಗಲೇ ಕೇಳಿಕೊಳ್ಳಿ. ಸಂಕೋಚ ಬೇಡ, ಇಮಿಗ್ರೇಷನ್ ತನಕ ಜೊತೆಗೊಬ್ಬರು ಇರುತ್ತಾರೆ.

ಯಂತ್ರ ಬಂದರೂ ಪ್ರಶ್ನೆ ಕೇಳುವುದು ನಿಂತಿಲ್ಲ. ಯಾಕೆ ಬಂದಿರಿ, ಎಲ್ಲಿರುತ್ತೀರಿ, ಎಷ್ಟು ದಿನ, ವಾಪಸ್ ಟಿಕೆಟ್ ಎಲ್ಲಿ. ನಮ್ಮ ಕಡೆಯ ಅಮ್ಮಂದಿರಿಗೆ ಕನ್ನಡ ಬರುತ್ತದೆ, ತೆಲುಗು ಬರುತ್ತದೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಮಗಳ ಕೈಯಲ್ಲಿ ಒಂದು ಹಾಳೆ ಬರೆಸಿ, ಇಂಗ್ಲಿಷಿನಲ್ಲಿ ಮತ್ತು ಆ ದೇಶದ ಭಾಷೆಯಲ್ಲಿ: ಇವರು ನನ್ನ ತಾಯಿ, ಹೆರಿಗೆಗೆ ಬರುತ್ತಿದ್ದಾರೆ, ಈ ವಿಳಾಸದಲ್ಲಿ ಇರುತ್ತಾರೆ, ಈ ದಿನ ವಾಪಸ್ ಹೋಗುತ್ತಾರೆ, ನನ್ನ ಫೋನ್ ನಂಬರ್ ಇದು. ಅದರ ಜೊತೆ ಆಹ್ವಾನ ಪತ್ರ, ಮಗಳ ನಿವಾಸ ಕಾರ್ಡಿನ ನಕಲು, 30,000 ಯೂರೋ ವಿಮೆಯ ಕಾಗದ, ವಾಪಸ್ ಟಿಕೆಟ್. ಇವೆಲ್ಲ ಕೈಚೀಲದಲ್ಲಿ ಇರಲಿ, ಸೂಟ್‌ಕೇಸಿನಲ್ಲಿ ಬೇಡ. ವೀಸಾ ಅರ್ಜಿಯಲ್ಲಿ ಏನು ಬರೆದಿದ್ದೀರೋ ಅದನ್ನೇ ಹೇಳಿ. ಸೂಟ್‌ಕೇಸಿನ ಮಾತು ಬಂತು, ಒಂದು ಸೂಚನೆ: ಬಾಣಂತಿಗೆಂದು ಮನೆಯ ತುಪ್ಪ ಕಟ್ಟಿಕೊಳ್ಳಬೇಡಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ತರಲು ಅಲ್ಲಿ ಬಿಡುವುದಿಲ್ಲ. ಕರಿಬೇವು, ವೀಳ್ಯದೆಲೆಗೂ ಸಸ್ಯ ತಪಾಸಣೆಯ ಪ್ರಮಾಣಪತ್ರ ಕೇಳುತ್ತಾರೆ.

ಓದಲು ಹೊರಟ ಮಕ್ಕಳಿಗೆ ಒಂದೇ ಮಾತು. ದೀರ್ಘಾವಧಿಯ ಡಿ ವೀಸಾ ಅಥವಾ ನಿವಾಸ ಕಾರ್ಡ್ ಇರುವವರು ಇಇಎಸ್‌ಗೆ ಒಳಪಡುವುದಿಲ್ಲ. ರಜೆ ಮುಗಿಸಿ ಹೋಗುವಾಗ ಪಾಸ್‌ಪೋರ್ಟಿನ ಜೊತೆಗೇ ಆ ಕಾರ್ಡನ್ನೂ ತೋರಿಸಿ. ಬರೀ ಪಾಸ್‌ಪೋರ್ಟ್ ಕೊಟ್ಟರೆ ಪ್ರವಾಸಿ ಎಂದು ದಾಖಲಾಗಿ, ದಿನ ಎಣಿಕೆ ಶುರುವಾಗುವ ತಲೆನೋವು ಬರಬಹುದು.

ದುಡ್ಡಿನ ವಿಷಯವನ್ನು ಒತ್ತಿ ಹೇಳಬೇಕು. ಇಇಎಸ್ ನೋಂದಣಿಗೆ ಶುಲ್ಕವಿಲ್ಲ. ಮುಂಚಿತವಾಗಿ ಇಲ್ಲಿಂದಲೇ ನೋಂದಣಿ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ. ದೊಡ್ಡವರ ಷೆಂಗನ್ ವೀಸಾ ಶುಲ್ಕ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45. ಅದರ ಜೊತೆ ಕೇಂದ್ರದ ಸೇವಾ ಶುಲ್ಕ. ಅಷ್ಟು ಬಿಟ್ಟು ಬಯೋಮೆಟ್ರಿಕ್ ರಿಜಿಸ್ಟ್ರೇಷನ್ ಎಂದು ಯಾರಾದರೂ ವಾಟ್ಸ್‌ಆಪ್‌ನಲ್ಲಿ ಲಿಂಕ್ ಕಳಿಸಿ ದುಡ್ಡು ಕೇಳಿದರೆ ಕಳಿಸಬೇಡಿ. ಎಟಿಯಾಸ್ ಎಂಬ ಇನ್ನೊಂದು ಪ್ರಯಾಣ ಅನುಮತಿಯ ಹೆಸರೂ ಕಿವಿಗೆ ಬೀಳುತ್ತದೆ, ಅದಕ್ಕೆ ಗೊತ್ತುಮಾಡಿರುವ ಶುಲ್ಕ 20 ಯೂರೋ. ಅದು ವೀಸಾ ಇಲ್ಲದೆ ಯೂರೋಪಿಗೆ ಹೋಗಬಲ್ಲ ದೇಶದವರಿಗೆ ಮಾತ್ರ. ವೀಸಾ ತೆಗೆಸಿದ ನಮಗೆ ಅದು ಬೇಡ. ಹೆದರಿದ ವಯಸ್ಸಾದವರಿಂದ ಹಣ ಕೀಳುವುದು ಸುಲಭ ಎಂದು ತಿಳಿದವರು ಎಲ್ಲ ಕಡೆ ಇದ್ದಾರೆ.

ವಾಪಸ್ ಬರುವಾಗ ಹೊರಟ ದಾಖಲೆ ಬೀಳುವುದೂ ಅಷ್ಟೇ ಮುಖ್ಯ. ಸರಿಯಾಗಿ ಹೊರಬಂದವರ ಮಾಹಿತಿ ಮೂರು ವರ್ಷ ಇರುತ್ತದೆ. ಹೊರಟ ದಾಖಲೆ ಇಲ್ಲದಿದ್ದರೆ ಅವಧಿ ಮೀರಿ ಉಳಿದವರೆಂದು ಲೆಕ್ಕವಾಗಿ ಐದು ವರ್ಷ ಉಳಿಯುತ್ತದೆ. ಯಂತ್ರದ ಕಡೆಯಿಂದ ತಪ್ಪಾಗಿದ್ದರೆ ಅದನ್ನು ತಿದ್ದಿಸುವ ಹಕ್ಕು ನಿಮಗಿದೆ, ಆದರೆ ಪುರಾವೆ ತೋರಿಸಬೇಕು. ಬೋರ್ಡಿಂಗ್ ಪಾಸನ್ನು ಬೆಂಗಳೂರಿನಲ್ಲಿ ಇಳಿದ ಕೂಡಲೇ ಎಸೆಯಬೇಡಿ. ಪಾಸ್‌ಪೋರ್ಟಿನ ಜೊತೆಗೇ ಮಡಚಿಟ್ಟು, ಫೋನಿನಲ್ಲಿ ಒಂದು ಫೋಟೋ ತೆಗೆದು ಮಗಳಿಗೂ ಕಳಿಸಿಡಿ. ಮುಂದಿನ ವೀಸಾ ಅರ್ಜಿಗೆ ನಮ್ಮ ಕಚೇರಿಗೆ ಬರುವಾಗ ಅದನ್ನೂ ಹಳೆಯ ಪಾಸ್‌ಪೋರ್ಟನ್ನೂ ತನ್ನಿ.