ಮುಂಬೈಯಿಂದ ಒಂದೇ ದಿನದಲ್ಲಿ ಎಲ್ಲಿಗೆ ಹೋಗಿ ಬರಬಹುದು? ಮೊದಲು ನಿಮ್ಮ ಲೈನ್ ಯಾವುದು ಹೇಳಿ

ಪ್ರಶ್ನೆ: ನಮ್ಮ ಮನೆ ಡೊಂಬಿವಲಿಯಲ್ಲಿ. ಬಾಗಲಕೋಟೆಯಿಂದ ಅತ್ತೆ, ಮಾವ ಬರುತ್ತಿದ್ದಾರೆ. ಗೇಟ್‌ವೇ, ಸಿದ್ಧಿವಿನಾಯಕ, ಮಹಾಲಕ್ಷ್ಮಿ ಎಲ್ಲ ಹೋದ ಸಲವೇ ಆಗಿದೆ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುವ ಹಾಗೆ ಎಲ್ಲಿಗೆ ಕರೆದುಕೊಂಡು ಹೋಗಲಿ? ನಮ್ಮ ಹತ್ತಿರ ಕಾರಿಲ್ಲ. ಜೊತೆಗೆ 9 ವರ್ಷದ ಮಗ ಇದ್ದಾನೆ.

ಉತ್ತರ: ಲೋನಾವಳಾ ಹತ್ತಿರದ ಕಾರ್ಲಾ ಗುಹೆಗೆ ಹೋಗಿ. ಶನಿವಾರ ಹೋಗಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಲೋಕಲ್ ರೈಲಿನ ಬೇರೆ ಲೈನಿನಲ್ಲಿರುವವರೂ ಇದನ್ನೇ ಕೇಳುತ್ತಿರುತ್ತಾರೆ, ಅವರಿಗೂ ಸೇರಿಸಿಯೇ ಬರೆದಿದ್ದೇನೆ.

ಈ ಪ್ರಶ್ನೆ ಬಂದಾಗೆಲ್ಲ ಜನ ಮೊದಲು ನೋಡುವುದು ಕಿಲೋಮೀಟರ್. ಮುಂಬೈಯಲ್ಲಿ ಕಿಲೋಮೀಟರಿಗೆ ಅರ್ಥವೇ ಇಲ್ಲ. ಡೊಂಬಿವಲಿಯಿಂದ ಎಲಿಫೆಂಟಾ ದ್ವೀಪದ ಗುಹೆಗಳು ಹತ್ತಿರ, ಲೋನಾವಳಾ ದೂರ ಅಂತ ಮ್ಯಾಪ್ ಹೇಳುತ್ತದೆ ನಿಜ. ಆದರೆ ಎಲಿಫೆಂಟಾಕ್ಕೆ ಹೋಗಬೇಕೆಂದರೆ ನೀವು ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಆಫೀಸಿನ ಜನರ ಜೊತೆ ಸಿಎಸ್‌ಎಂಟಿ ಕಡೆಗೆ ಹೋಗಬೇಕು, ಅಲ್ಲಿಂದ ಟ್ಯಾಕ್ಸಿ ಹಿಡಿದು ಗೇಟ್‌ವೇಗೆ, ಆಮೇಲೆ ದೋಣಿಯಲ್ಲಿ ಒಂದು ಗಂಟೆ, ಸಂಜೆ ಮತ್ತೆ ಅದೇ ಆಫೀಸಿನ ಜನರ ಜೊತೆ ವಾಪಸ್. ವಾರದ ದಿನ ಡೊಂಬಿವಲಿ ಸ್ಟೇಷನ್ನಿನಲ್ಲಿ ಎಂಟು ಗಂಟೆಯ ಫಾಸ್ಟ್‌ಗೆ ಅತ್ತೆಯನ್ನು ಹತ್ತಿಸಿ ನೋಡಿ, ಪ್ರವಾಸ ಅಲ್ಲಿಗೇ ಮುಗಿಯುತ್ತದೆ. ಅದೇ ಕಲ್ಯಾಣ, ಕರ್ಜತ್ ಕಡೆಗೆ ಹೊರಟರೆ ಎದುರು ದಿಕ್ಕು. ಬೆಳಿಗ್ಗೆ ಕೂರಲು ಜಾಗ, ಸಂಜೆ ಬರುವಾಗಲೂ ಜಾಗ. ಹಾಗಾಗಿ ನೀವಿರುವ ಲೈನ್ ಊರಿನ ಆಚೆಗೆ ಎಲ್ಲಿಗೆ ಹೋಗುತ್ತದೋ ಆ ಕಡೆಯ ಜಾಗವನ್ನೇ ಆರಿಸಿಕೊಳ್ಳಿ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಇದನ್ನು ಬಿಡಲೇಬೇಡಿ.

ಇನ್ನೊಂದು ದಿಕ್ಕಿನ ವಿಷಯ ಇದೆ. ಇದನ್ನು ಟಿಕೆಟ್ ತೆಗೆಯಲು ಕೂತಾಗಲೇ ಬಹಳ ಜನ ಗಮನಿಸುವುದು. ಡೆಕ್ಕನ್ ಕ್ವೀನ್ 1930ರಿಂದ ಓಡುತ್ತಿರುವ ಹೆಸರುವಾಸಿ ಗಾಡಿ, ಆದರೆ ಅದು ಪುಣೆಯವರ ಗಾಡಿ. ಬೆಳಿಗ್ಗೆ ಪುಣೆಯಿಂದ ಮುಂಬೈಗೆ ಬರುತ್ತದೆ, ಸಂಜೆ ವಾಪಸ್ ಹೋಗುತ್ತದೆ. ನಾಸಿಕ್ ಕಡೆಯ ಪಂಚವಟಿಯೂ ಹಾಗೇ. ಮುಂಬೈಯಿಂದ ಹೋಗಿ ಬರುವವರಿಗೆ ಇವೆರಡೂ ಉಲ್ಟಾ. ನಮಗೆ ಬೇಕಾದದ್ದು ಬೆಳಿಗ್ಗೆ ಇಲ್ಲಿಂದ ಹೊರಡುವ ಇಂದ್ರಾಯಣಿ, ಡೆಕ್ಕನ್ ಎಕ್ಸ್‌ಪ್ರೆಸ್‌ನಂಥವು. ಅವುಗಳಲ್ಲಿ ನಿಮಗೆ ಹತ್ತಿರದ ಸ್ಟೇಷನ್ನಿನಲ್ಲಿ ಯಾವುದು ನಿಲ್ಲುತ್ತದೆ ನೋಡಿಕೊಂಡು ಸೆಕೆಂಡ್ ಸಿಟ್ಟಿಂಗ್ ರಿಸರ್ವ್ ಮಾಡಿಸಿ. ಹೋಗುವ ಟಿಕೆಟ್ ತೆಗೆಯುವಾಗಲೇ ಬರುವುದನ್ನೂ ತೆಗೆದುಬಿಡಿ. ಶನಿವಾರ, ಭಾನುವಾರ ಸಂಜೆ ಲೋನಾವಳಾದಿಂದ ಬರುವ ಜನರಲ್ ಡಬ್ಬಿಗೆ ಮಾವನನ್ನು ಹತ್ತಿಸುವ ಸಾಹಸ ಬೇಡ. ಮುಂಬೈ ಲೋಕಲ್ ಲೋನಾವಳಾದವರೆಗೆ ಹೋಗುತ್ತದೆ ಅಂದುಕೊಂಡವರು ಇನ್ನೂ ಇದ್ದಾರೆ. ಹೋಗುವುದಿಲ್ಲ. ಲೋಕಲ್ ಕರ್ಜತ್‌ಗೆ, ಖೋಪೋಲಿಗೆ ನಿಂತುಬಿಡುತ್ತದೆ, ಘಾಟಿ ಹತ್ತುವುದಿಲ್ಲ. ಘಾಟಿಯ ಮೇಲೆ ಓಡುವುದು ಲೋನಾವಳಾ–ಪುಣೆ ಲೋಕಲ್, ಅದು ಬೇರೆಯೇ.

ಕರ್ಜತ್‌ನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಭೋರ್ ಘಾಟಿ ಹತ್ತಲು ಹಿಂದಿನಿಂದ ತಳ್ಳುವ ಎಂಜಿನ್ ಹಚ್ಚುತ್ತಾರೆ, ಬ್ಯಾಂಕರ್ ಅಂತಾರೆ ಅದಕ್ಕೆ. ಮಗನಿಗೆ ತೋರಿಸಿ, ಖುಷಿಪಡುತ್ತಾನೆ. ಅಷ್ಟರಲ್ಲಿ ವಡಾ ಮಾರುವವರು ಕಿಟಕಿಗೇ ಬರುತ್ತಾರೆ.

ಇನ್ನು ಕಾರ್ಲಾ. ಲೋನಾವಳಾದಲ್ಲಿ ಇಳಿದು ಆಟೋ ಮಾಡಿ. ಇಲ್ಲವೇ ಪುಣೆ ಲೋಕಲ್‌ನಲ್ಲಿ ಮುಂದಿನ ಮಳವಲಿ ಸ್ಟೇಷನ್‌ಗೆ ಹೋಗಿ ಅಲ್ಲಿಂದ ಆಟೋ ಮಾಡಬಹುದು. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ, ಮೇಲಿನ ಪಾರ್ಕಿಂಗ್‌ವರೆಗೆ ಬಿಡಬೇಕು ಅಂತಲೂ ಹೇಳಿ. ಅಷ್ಟು ಮೆಟ್ಟಿಲು ಕಡಿಮೆಯಾಗುತ್ತವೆ. ಆದರೂ ಹತ್ತುವುದು ಇದ್ದೇ ಇದೆ. ದಾರಿಯ ಎರಡೂ ಕಡೆ ತೆಂಗಿನಕಾಯಿ, ಹೂವು, ಕುಂಕುಮದ ಅಂಗಡಿಗಳು. ಯಾಕೆಂದರೆ ಗುಹೆಯ ಬಾಗಿಲಲ್ಲೇ ಏಕವೀರಾ ದೇವಿಯ ಗುಡಿ ಇದೆ. ಕೋಳಿ ಸಮುದಾಯದ ಮೀನುಗಾರರು, ಆಗ್ರಿ ಸಮುದಾಯದವರು, ಅಂದರೆ ಮುಂಬೈಯ ಮೂಲ ಜನ, ಈ ದೇವಿಯ ಒಕ್ಕಲು. ಚೈತ್ರದ ಜಾತ್ರೆ, ನವರಾತ್ರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಗ ಹೋಗಬೇಡಿ. ಬೇರೆ ದಿನ ಅತ್ತೆಗೆ ದೇವರ ದರ್ಶನವೂ ಆಯಿತು, ಮಾವನಿಗೆ ಗುಹೆಯೂ ಆಯಿತು.

ಚೈತ್ಯದ, ಅಂದರೆ ಬೌದ್ಧರ ಪೂಜಾ ಮಂದಿರದ, ಒಳಗೆ ಹೋದ ಕೂಡಲೇ ಫೋಟೋ ತೆಗೆಯಬೇಡಿ. ಒಂದು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಆಮೇಲೆ ತಲೆ ಎತ್ತಿ ನೋಡಿ. ಛಾವಣಿಗೆ ಬಿಲ್ಲಿನ ಹಾಗೆ ಬಾಗಿದ ಮರದ ತೊಲೆಗಳಿವೆ, ಒಂದರ ಪಕ್ಕ ಒಂದು, ಕೊನೆಯ ಸ್ತೂಪದವರೆಗೆ. ಅದು ತೇಗದ ಮರ, ಗುಹೆ ಕೊರೆದ ಕಾಲದ್ದೇ. ಅಂದರೆ ಹೆಚ್ಚು ಕಡಿಮೆ ಎರಡು ಸಾವಿರ ವರ್ಷ ಹಳೆಯದು. ಬಂಡೆಯ ಛಾವಣಿಗೆ ಮರದ ತೊಲೆಯ ಅಗತ್ಯವೇ ಇರಲಿಲ್ಲ. ಮರದ ಕಟ್ಟಡ ಕಟ್ಟಿ ರೂಢಿಯಿದ್ದವರು ಕಲ್ಲಿನಲ್ಲೂ ಅದೇ ರೂಪ ಬೇಕೆಂದು ಮಾಡಿದ್ದು. ಸುಮಾರು 45 ಮೀಟರ್ ಉದ್ದದ ಕೋಣೆ, ಎರಡೂ ಕಡೆ ದಪ್ಪ ಕಂಬಗಳು, ಕಂಬದ ತಲೆಯ ಮೇಲೆ ಆನೆ ಏರಿ ಕೂತ ಜೋಡಿಗಳು. ನಮ್ಮ ದೇಶದ ಬಂಡೆ ಕೊರೆದ ಚೈತ್ಯಗಳಲ್ಲಿ ಇದೇ ದೊಡ್ಡದು.

ನಾನು ಕನ್ನಡದವರಿಗೆ ಕಾರ್ಲಾ ಹೇಳಲು ನಿಜವಾದ ಕಾರಣ ಹೊರಗಿನ ಮೊಗಸಾಲೆಯಲ್ಲಿದೆ. ಅಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಒಂದು ಶಾಸನ ಇದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲಿನ ಮನೆಯನ್ನು ವೈಜಯಂತಿಯ ಸೆಟ್ಟಿ ಭೂತಪಾಲ ಪೂರ್ತಿ ಮಾಡಿಸಿದ ಅಂತ ಅದು ಹೇಳುತ್ತದೆ. ವೈಜಯಂತಿ ಅಂದರೆ ನಮ್ಮ ಬನವಾಸಿ ಎನ್ನುವುದು ವಿದ್ವಾಂಸರ ಮಾತು. ಕದಂಬರಿಗಿಂತಲೂ ಹಿಂದೆ, ಬನವಾಸಿಯ ಒಬ್ಬ ವ್ಯಾಪಾರಿ ಸಹ್ಯಾದ್ರಿಯ ಈ ತುದಿಗೆ ಬಂದು ದುಡ್ಡು ಸುರಿದಿದ್ದಾನೆ. ಇಲ್ಲಿ ಬಂದು ವ್ಯಾಪಾರ ಮಾಡಿ, ಸಂಘ ಕಟ್ಟಿ, ಗುಡಿಗೆ ದೇಣಿಗೆ ಕೊಡುವ ಕನ್ನಡಿಗರ ಚಾಳಿ ಇವತ್ತಿನದಲ್ಲ ನೋಡಿ! ಬೋರ್ಡಿನಲ್ಲಿ ಇದನ್ನು ಹುಡುಕುತ್ತಾ ಕೂರಬೇಡಿ, ಮಾವನಿಗೆ ನೀವೇ ಹೇಳಿ.

ಕೆಳಗಿಳಿದು ಊಟ ಮಾಡಿದ ಮೇಲೆ ಹೊತ್ತಿದ್ದರೆ, ಕಾಲು ಸೋತಿಲ್ಲದಿದ್ದರೆ, ಮಳವಲಿ ಸ್ಟೇಷನ್ನಿನ ಇನ್ನೊಂದು ಬದಿಗೆ ಭಾಜಾ ಗುಹೆಗಳಿವೆ. ಕಾರ್ಲಾಕ್ಕಿಂತ ಹಳೆಯವು, ಗದ್ದಲ ಕಡಿಮೆ. ಆದರೆ ಅಲ್ಲೂ ಮೆಟ್ಟಿಲು. ನಿಮ್ಮ ಜಾಗದಲ್ಲಿ ನಾನಿದ್ದರೆ ಭಾಜಾ ಬಿಟ್ಟು, ಲೋನಾವಳಾದಲ್ಲಿ ಚಿಕ್ಕಿ ತೆಗೆದುಕೊಂಡು ಸಂಜೆಯ ಗಾಡಿಗೆ ಆರಾಮಾಗಿ ಕೂರುತ್ತಿದ್ದೆ. ಒಂದು ದಿನಕ್ಕೆ ಒಂದು ಜಾಗ ಸಾಕು. ಹೇಗೂ ಬಂದಿದ್ದೇವೆ, ಟೈಗರ್ ಪಾಯಿಂಟ್, ಭುಶಿ, ಖಂಡಾಲಾ ಎಲ್ಲ ಮುಗಿಸೋಣ ಅಂತ ಹೊರಟವರು ಕೊನೆಗೆ ನೋಡುವುದು ಟ್ರಾಫಿಕ್ ಮಾತ್ರ.

ಶನಿವಾರ ಯಾಕೆ ಅಂದೆ? ಸೋಮವಾರ ಎಲಿಫೆಂಟಾ ಮುಚ್ಚಿರುತ್ತದೆ, ಬೊರಿವಲಿಯ ನ್ಯಾಷನಲ್ ಪಾರ್ಕೂ ಮುಚ್ಚಿರುತ್ತದೆ. ಭಾನುವಾರ ರೈಲ್ವೆಯವರ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆ ಲೈನ್ ಬಂದ್. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶುರುವಾಗಿ ಸಂಜೆ ನಾಲ್ಕರವರೆಗೆ ಯಾವುದಾದರೂ ಲೈನಿನಲ್ಲಿ ಫಾಸ್ಟ್ ಇರುವುದಿಲ್ಲ, ಕೆಲವೊಮ್ಮೆ ಗಾಡಿಯೇ ಇರುವುದಿಲ್ಲ. ಯಾವ ಲೈನ್ ಅಂತ ಶುಕ್ರವಾರ, ಶನಿವಾರ ಪೇಪರಿನಲ್ಲಿ ಬರುತ್ತದೆ, ನೋಡಿಕೊಳ್ಳಿ. ವಾರದ ಮಧ್ಯೆ ರಜೆ ಸಿಗುವವರಾದರೆ ಬುಧವಾರ, ಗುರುವಾರ ಇನ್ನೂ ಚೆಂದ. ಊರ ಆಚೆಯ ದಿಕ್ಕಿನಲ್ಲಿ ಹೋಗುವವರಿಗೆ ಮಾತ್ರ ಈ ಮಾತು.

ಪಶ್ಚಿಮ ಲೈನಿನವರು, ಮೀರಾ ರೋಡ್, ಭಾಯಂದರ್, ಬೊರಿವಲಿ ಕಡೆಯವರು, ಘಾಟಿಗೆ ಹೋಗುವ ಹಟ ಬಿಡಿ. ವಸಾಯಿ ಕೋಟೆ ನಿಮ್ಮ ಪಕ್ಕದಲ್ಲೇ ಇದೆ. ಪೋರ್ಚುಗೀಸರ ಕೋಟೆ, 1739ರಲ್ಲಿ ಮರಾಠರ ಸೇನಾನಿ ಚಿಮಾಜಿ ಅಪ್ಪಾ ಗೆದ್ದದ್ದು. ಬಳ್ಳಿ ಹಬ್ಬಿದ ಚರ್ಚಿನ ಗೋಡೆಗಳು, ಮೆಟ್ಟಿಲಿನ ಕಾಟ ಇಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬಂದು ಉಣ್ಣಬಹುದು. ಒಳಗೆ ತಿನ್ನಲು ಏನೂ ಸಿಗುವುದಿಲ್ಲ ಅಂದುಕೊಂಡೇ ಹೋಗಿ. ಕಾನ್ಹೇರಿ ಗುಹೆಗಳಂತೂ ಬೊರಿವಲಿ ಪಾರ್ಕಿನ ಒಳಗೇ ಇವೆ, ಗೇಟಿನಿಂದ ಬಸ್ಸು ಸಿಗುತ್ತದೆ. ನೂರಕ್ಕೂ ಮಿಕ್ಕಿದ ಗುಹೆಗಳು. ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳೂ ಅಲ್ಲಿವೆ. ಆಗ ಉತ್ತರ ಕೊಂಕಣ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಬೊರಿವಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗರಿಗೂ ಇದು ಗೊತ್ತಿರುವುದಿಲ್ಲ.

ಹಾರ್ಬರ್ ಲೈನ್, ನವಿ ಮುಂಬೈಯವರಿಗೆ ಪನ್ವೇಲ್ ಆಚೆ ಕರ್ನಾಳಾ ಪಕ್ಷಿಧಾಮ ಹತ್ತಿರ. ಸಮುದ್ರ ಬೇಕೆಂದರೆ ಅಲಿಬಾಗ್. ಮುಂಬೈಯ ಭಾವುಚಾ ಧಕ್ಕಾದಿಂದ ಅಲಿಬಾಗ್ ಕಡೆಯ ದಕ್ಕೆ ಮಾಂಡ್ವಾಕ್ಕೆ ರೋ-ರೋ, ಅಂದರೆ ವಾಹನಗಳನ್ನೂ ಒಯ್ಯುವ ಹಡಗು 2020ರಿಂದ ಓಡುತ್ತಿದೆ. ಗೇಟ್‌ವೇಯಿಂದಲೂ ಮಾಂಡ್ವಾಕ್ಕೆ ದೋಣಿ ಇದೆ, ಅಲ್ಲಿಂದ ಮುಂದಕ್ಕೆ ದೋಣಿಯವರದೇ ಬಸ್ಸು. ಅಲಿಬಾಗ್‌ಗೆ ಹೋಗುವವರು ಗಾಡಿಯ ಟೈಮಿಗಿಂತ ಮೊದಲು ಸಮುದ್ರದ ಟೈಮ್ ನೋಡಬೇಕು. ಅಲ್ಲಿನ ಕುಲಾಬಾ ಕೋಟೆಗೆ ನೀರು ಇಳಿದಾಗ ಮಾತ್ರ ನಡೆದು ಹೋಗಬಹುದು. ಇಳಿತ ಬೆಳಿಗ್ಗೆ ಆರಕ್ಕಿದ್ದರೆ ನೀವು ಹನ್ನೊಂದಕ್ಕೆ ಹೋಗಿ ದಡದಲ್ಲಿ ನಿಂತು ನೋಡಿ ಬರುವುದೇ ಆಗುತ್ತದೆ.

ದಾದರ್, ಮಾಟುಂಗಾ, ವಡಾಲಾ ಕಡೆ ಮನೆ ಇರುವವರು ಎಲಿಫೆಂಟಾಕ್ಕೆ ಹೋಗಬಹುದು. ಅವರಿಗೆ ಅದು ಹತ್ತಿರ. ಬೆಳಗಿನ ಮೊದಲ ದೋಣಿ ಹಿಡಿಯಿರಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಸೆಕೆ ಅಂತ ತೆಗೆದು ಪಕ್ಕಕ್ಕಿಡಬೇಡಿ. 2024ರ ಡಿಸೆಂಬರಿನಲ್ಲಿ ಎಲಿಫೆಂಟಾ ಕಡೆ ಹೊರಟ ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿ ಹೊಡೆದದ್ದು ನೆನಪಿರಬಹುದು. ದಕ್ಕೆಯಿಂದ ಪುಟಾಣಿ ರೈಲು, ಆಮೇಲೆ ಸುಮಾರು 120 ಮೆಟ್ಟಿಲು, ಆಗದವರಿಗೆ ಡೋಲಿ ಸಿಗುತ್ತದೆ. ಕೈಯಲ್ಲಿ ತಿಂಡಿಯ ಚೀಲ ತೂಗಾಡಿಸಿಕೊಂಡು ಹೋಗಬೇಡಿ, ಮಂಗಗಳಿವೆ. ಬಾದಾಮಿ ನೋಡಿದ ಮಾವನಂಥವರಿಗೆ ಒಂದು ಮಾತು: ಐಹೊಳೆಯ ಮೇಗುಟಿಯ 634ರ ಶಾಸನದಲ್ಲಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ಪಡುವಣ ಕಡಲಿನ ಲಕ್ಷ್ಮಿಯಂತಿದ್ದ ಪುರಿಯನ್ನು ಹಡಗುಗಳಲ್ಲಿ ಹೋಗಿ ಮುತ್ತಿದ ಅಂತ ಇದೆ. ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ, ಎನ್ನುವವರು ಹಲವರು, ಅಲ್ಲ ಎನ್ನುವವರೂ ಇದ್ದಾರೆ. ತ್ರಿಮೂರ್ತಿಯ ಮುಂದೆ ನಿಂತು ಈ ಜಗಳ ತೆಗೆದರೆ ಅರ್ಧ ಗಂಟೆ ಆರಾಮಾಗಿ ಹೋಗುತ್ತದೆ.

ಮಾಥೇರಾನ್ ಯಾಕೆ ಹೇಳಲಿಲ್ಲ ಅಂತ ಕೇಳಬಹುದು, ಅದೂ ಸೆಂಟ್ರಲ್ ಲೈನೇ ಅಲ್ವಾ? ಹೌದು, ನೇರಳ್‌ನಲ್ಲಿ ಇಳಿದರೆ ಆಯಿತು. 1907ರ ಪುಟಾಣಿ ರೈಲು ಇದೆ, ಆದರೆ ಗಾಡಿಗಳು ಕಡಿಮೆ, ಟಿಕೆಟ್ ಸಿಗುವುದು ಕಷ್ಟ. ಟ್ಯಾಕ್ಸಿ ದಸ್ತೂರಿಯವರೆಗೆ ಮಾತ್ರ, ಮುಂದೆ ಪೆಟ್ರೋಲ್ ಗಾಡಿಗಳಿಗೆ ಪ್ರವೇಶ ಇಲ್ಲ. ಅಲ್ಲಿಂದ ಶಟಲ್ ರೈಲು ಸಿಕ್ಕರೆ ಸರಿ, ಇಲ್ಲದಿದ್ದರೆ ಕೆಂಪು ಮಣ್ಣಿನ ದಾರಿಯಲ್ಲಿ ನಡಿಗೆ ಅಥವಾ ಕುದುರೆ. ಗೆಳೆಯರು ಸೇರಿ ಹೋಗಲು ಬಹಳ ಚೆನ್ನಾಗಿದೆ. ಅತ್ತೆ, ಮಾವನ ಜೊತೆಗಾದರೆ ಒಂದು ರಾತ್ರಿ ಉಳಿಯುವ ಹಾಗಿದ್ದರೆ ಮಾತ್ರ.

ಮಹಾಬಳೇಶ್ವರ ಒಂದು ದಿನದ ಜಾಗ ಅಲ್ಲವೇ ಅಲ್ಲ, ಯಾರು ಏನೇ ಹೇಳಲಿ. ಶಿರಡಿಗೆ ಮಾತ್ರ ಈಗ ಬೆಳಿಗ್ಗೆ ಹೋಗಿ ರಾತ್ರಿ ಬರುವ ವಂದೇ ಭಾರತ್ ಇದೆ. ದರ್ಶನದ ಆಸೆ ಇದ್ದವರು ಹೋಗಲಿ, ಆದರೆ ದಿನದ ಬಹುಪಾಲು ಸೀಟಿನಲ್ಲೇ ಕಳೆಯುತ್ತದೆ.

ಮಳೆಗಾಲದಲ್ಲಿ ಲೆಕ್ಕ ಬೇರೆ. ಗೇಟ್‌ವೇ–ಮಾಂಡ್ವಾ ದೋಣಿಗಳು ಆಗ ನಿಲ್ಲುತ್ತವೆ, ಎಲಿಫೆಂಟಾ ದೋಣಿಯೂ ಸಮುದ್ರ ಕೆರಳಿದ ದಿನ ಹೊರಡುವುದಿಲ್ಲ. ನೇರಳ್‌ನಿಂದ ಮೇಲೆ ಹೋಗುವ ಪುಟಾಣಿ ರೈಲೂ ಇರುವುದಿಲ್ಲ. ಲೋನಾವಳಾ ಹಸಿರಾಗಿ ನೋಡಲು ಚೆಂದ, ಅದಕ್ಕೇ ಇಡೀ ಮುಂಬೈ, ಪುಣೆ ಅಲ್ಲಿರುತ್ತದೆ. ಜಲಪಾತಕ್ಕೆ ಇಳಿಯಬೇಡಿ. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಹಿಂದೆ ಒಂದೇ ಮನೆಯವರು ನೀರಿನಲ್ಲಿ ಕೊಚ್ಚಿಹೋದರು, ಮೇಲೆ ಸುರಿದ ಮಳೆ ಕೆಳಗೆ ನಿಂತವರಿಗೆ ತಿಳಿಯುವುದೇ ಇಲ್ಲ.

ಇನ್ನು ನಿಮ್ಮ ಮನೆಯ ವಿಷಯಕ್ಕೆ ಬಂದರೆ, ಆ ದಿನ ಬೆಳಿಗ್ಗೆ ಎದ್ದಾಗ ಮಾವನಿಗೆ ಮೊಣಕಾಲು ಹಿಡಿದುಕೊಂಡಿದ್ದರೆ ಕಾರ್ಲಾ ಬಿಟ್ಟುಬಿಡಿ. ಟಿಟ್ವಾಲಾ ಗಣಪತಿಗೆ ಹೋಗಿ. ಕಸಾರಾ ಅಥವಾ ಆಸನಗಾಂವ್ ಲೋಕಲ್ ಹತ್ತಿದರೆ ಡೊಂಬಿವಲಿಯಿಂದ ಅರ್ಧ ಗಂಟೆಯ ಆಸುಪಾಸು, ಸ್ಟೇಷನ್ನಿನಿಂದ ಗುಡಿಗೆ ಆಟೋ. ಮಂಗಳವಾರ ಮತ್ತು ಸಂಕಷ್ಟಿ ಬಿಟ್ಟು ಯಾವ ದಿನವಾದರೂ ಆಗಬಹುದು.