ಅನಬಾಲಿಕ್ ಸ್ಟೆರಾಯ್ಡ್ ಬಳಕೆಯ ಕುರುಹುಗಳು

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು: ಸ್ಟೆರಾಯ್ಡ್ ಎಂದು ಕರೆಯುವ ಔಷಧಗಳೆಲ್ಲ ಒಂದೇ ಅಲ್ಲ. ಉಬ್ಬಸಕ್ಕೋ ಸಂಧಿವಾತಕ್ಕೋ ವೈದ್ಯರು ಬರೆದುಕೊಡುವ ಪ್ರೆಡ್ನಿಸೋಲೋನ್ ಕಾರ್ಟಿಕೋಸ್ಟೆರಾಯ್ಡ್ ಗುಂಪಿನದು. ಅದನ್ನು ಬಹುಕಾಲ ಸೇವಿಸಿದರೆ ಸ್ನಾಯುಗಳು ಬಲಗುಂದುತ್ತವೆ. ನಾವಿಲ್ಲಿ ಓದುತ್ತಿರುವುದು ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೆರಾಯ್ಡ್‌ಗಳ, ಅಂದರೆ ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನ್ ಹಾಗೂ ಅದರ ಕೃತಕ ರೂಪಗಳ ಬಗ್ಗೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ 100 ಮೀಟರ್ ಓಟದ ಚಿನ್ನವನ್ನು ಕಳೆದುಕೊಂಡದ್ದು ಇವುಗಳಲ್ಲೊಂದಾದ ಸ್ಟ್ಯಾನೊಜೊಲಾಲ್‌ನಿಂದ. ಆದರೆ ಯಾವ ಸ್ಪರ್ಧೆಗೂ ಇಳಿಯದೆ, ಕೇವಲ ಮೈಕಟ್ಟಿಗಾಗಿ ಇವನ್ನು ಬಳಸುವವರೂ ಇದ್ದಾರೆ.

ಲಕ್ಷಣಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಕಾರಣವನ್ನು ತಿಳಿಯುವುದು ಮೇಲು. ಹೊರಗಿನಿಂದ ಹಾರ್ಮೋನು ಹೇರಳವಾಗಿ ಬಂದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕಳಿಸುವ ಸಂಕೇತವನ್ನು ತಗ್ಗಿಸುತ್ತದೆ. ಆದ್ದರಿಂದ ವೃಷಣಗಳು ಕುಗ್ಗಿ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಹೆಚ್ಚುವರಿ ಟೆಸ್ಟೋಸ್ಟೆರೋನ್‌ನ ಒಂದಂಶವನ್ನು ಅರೋಮಟೇಸ್ ಎಂಬ ಕಿಣ್ವವು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುವುದರಿಂದ, ಹುರಿಗಟ್ಟಿದ ಎದೆಯ ಯುವಕನಿಗೂ ಮೊಲೆತೊಟ್ಟಿನ ಹಿಂದೆ ನೋಯುವ ಗಂಟು ಕಾಣಿಸಿಕೊಳ್ಳಬಹುದು. ನಾಚಿಕೆಯಿಂದ ಹುಡುಗರು ಇದನ್ನು ಯಾರಿಗೂ ಹೇಳುವುದಿಲ್ಲ.

ಮನೆಯವರ ಕಣ್ಣಿಗೆ ಮೊದಲು ಬೀಳುವುದು ಚರ್ಮ. ಮೊಡವೆಗಳು ಮುಖಕ್ಕಿಂತ ಬೆನ್ನು, ಭುಜಗಳ ಮೇಲೆ ದಟ್ಟವಾಗಿ ಏಳುತ್ತವೆ. ಒಗೆಯಲು ತೆಗೆದ ಬನಿಯನ್ನಿನ ಬೆನ್ನಿನಲ್ಲಿ ಒಡೆದ ಮೊಡವೆಯ ಸಣ್ಣ ರಕ್ತದ ಕಲೆಗಳಿರುತ್ತವೆ. ಸ್ನಾಯು ಬೆಳೆದ ವೇಗಕ್ಕೆ ಚರ್ಮ ಹಿಗ್ಗಲಾರದೆ ಕಂಕುಳ ಬಳಿ ಕೆಂಪು ಗೆರೆಗಳು ಮೂಡುತ್ತವೆ. ಹದಿನೇಳರ ಹುಡುಗನಿಗೆ ಮೊಡವೆ ಸಹಜ ಎಂಬುದನ್ನೂ ಮರೆಯಬಾರದು. ಕೆಲವೇ ವಾರಗಳಲ್ಲಿ ತೂಕ ಏರಿ, ಕೂದಲು ಉದುರಿ, ನಿದ್ದೆ ಕೆಟ್ಟು, ಸಣ್ಣ ಮಾತಿಗೂ ಸಿಟ್ಟು ಉಕ್ಕುತ್ತಿದ್ದರೆ ಮಾತ್ರ ಅನುಮಾನಕ್ಕೆ ಬಲ ಬರುತ್ತದೆ. ಯಾವುದೇ ಒಂದು ಕುರುಹು ಪುರಾವೆಯಲ್ಲ.

ಮಹಿಳೆಯರಲ್ಲಿ ಧ್ವನಿ ಗಡಸಾಗುತ್ತದೆ, ಮುಖದಲ್ಲಿ ರೋಮ ಬೆಳೆಯುತ್ತದೆ, ಮುಟ್ಟು ಏರುಪೇರಾಗುತ್ತದೆ. ಔಷಧ ಬಿಟ್ಟ ಮೇಲೂ ಧ್ವನಿ ಮೊದಲಿನಂತಾಗದೇ ಉಳಿಯಬಹುದು. ಹದಿಹರೆಯದವರಲ್ಲಿ ಮೂಳೆಯ ಬೆಳವಣಿಗೆಯ ತುದಿಗಳು ಬೇಗ ಮುಚ್ಚಿಕೊಂಡು ಎತ್ತರ ಕುಂಠಿತವಾಗುತ್ತದೆ.

ಹೊರಗೆ ಕಾಣದ ಹಾನಿಯೇ ಹೆಚ್ಚು ಭಯ ಹುಟ್ಟಿಸುವಂಥದ್ದು. ರಕ್ತದೊತ್ತಡ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ, ರಕ್ತ ಮಂದವಾಗುತ್ತದೆ. ಕೆಲವು ಮಾತ್ರೆಗಳು ಯಕೃತ್ತನ್ನು ಕೆಡಿಸುತ್ತವೆ. ಆದ್ದರಿಂದ ಎಲ್ಲರೆದುರು ಗದರಿಸದೆ, ಒಬ್ಬರೇ ಇರುವಾಗ ನಿದ್ದೆ, ಆಯಾಸಗಳ ಬಗ್ಗೆ ವಿಚಾರಿಸುತ್ತ ಮಾತು ತೆಗೆದು, ರಕ್ತಪರೀಕ್ಷೆಗೆ ಒಪ್ಪಿಸುವುದು ಒಳ್ಳೆಯದು. ಎದೆನೋವು ಅಥವಾ ಕಾಮಾಲೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧವನ್ನು ಹಠಾತ್ತನೆ ನಿಲ್ಲಿಸಿದಾಗ ದೇಹದ ಸ್ವಂತ ಹಾರ್ಮೋನು ಇನ್ನೂ ಚೇತರಿಸಿಕೊಂಡಿರದೆ ತೀವ್ರ ಖಿನ್ನತೆ ಕವಿಯಬಹುದಾದ್ದರಿಂದ, ನಿಲ್ಲಿಸುವುದೂ ವೈದ್ಯರ ನಿಗಾದಲ್ಲೇ ಆಗಬೇಕು. ಆ ದಿನಗಳಲ್ಲಿ ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು.